ಬುಟ್ಟಿ ನಮ್ಮದೇ, ಬೆಸುಗೆ ಬಾಗಲಗುಂಟೆಯದು
ಬಾಗಲಗುಂಟೆಯಲ್ಲಿದ್ಕೊಂಡು ಸೈಕಲ್ಲಿಗೆ ರೆಡಿಮೇಡ್ ಬುಟ್ಟಿ ಯಾಕ್ರೀ ಹುಡುಕ್ತೀರಾ? ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ. ಗೇಟು, ಗ್ರಿಲ್ಲು ಮಾಡೋ ವೆಲ್ಡಿಂಗ್ ಶಾಪಿಗೆ ನಮ್ಮ ಕಡೆ ಬರವಿಲ್ಲ.

ಬುಟ್ಟಿಗೆ 6 ಮಿ.ಮೀ. ಕಬ್ಬಿಣದ ರಾಡ್ ಸಾಕು. ಮೀಟರಿಗೆ ಸುಮಾರು 222 ಗ್ರಾಂ. ನಾಲ್ಕು ಮೀಟರ್ ಹಾಕಿದ್ರೂ ಒಂದು ಕೇಜಿ ದಾಟಲ್ಲ. ಆದ್ರೆ ಅದನ್ನ ಹೊರೋ ಕ್ಯಾರಿಯರ್ 8 ಮಿ.ಮೀ. ಇರಲಿ. ಎರಡೇ ಮಿ.ಮೀ. ತಾನೇ ಅಂತೀರಾ? ಅದೇ ಭಾರಕ್ಕೆ ಬಾಗೋದು ಮೂರನೇ ಒಂದು ಪಾಲಿಗೆ ಇಳಿಯುತ್ತೆ!

ಬರೀ ಚೌಕ ಕಟ್ಟಿದ್ರೆ ತಿರುವಲ್ಲಿ ಕ್ಯಾರಿಯರ್ ವಾಲಾಡುತ್ತೆ. ಓರೆಯಾಗಿ ಒಂದು ರಾಡ್ ಕೊಡಿಸಿ, ತ್ರಿಕೋನ ಆಗ್ಲಿ, ಅಲ್ಲಾಡಲ್ಲ. ಕಾಲುಗಳು ಹಿಂದಿನ ಚಕ್ರದ ಆಕ್ಸಲ್‌ವರೆಗೂ ಇಳಿಬೇಕು. ಪಟ್ಟಿ ಬೆಸೆದು, ತೂತು ಹೊಡೆದು, ನಟ್ಟಿನ ಜೊತೆ ಬಿಗಿಯೋದು. ಮೇಲ್ಗಡೆ ಸೀಟಿನ ಹತ್ರ ಕ್ಲ್ಯಾಂಪು. ಫ್ರೇಮಿಗೇ ವೆಲ್ಡಿಂಗ್ ಮಾತ್ರ ಬೇಡವೇ ಬೇಡ. ತೆಳು ಪೈಪು, ಸುಟ್ಟು ತೂತಾಗುತ್ತೆ.

ಗುಜರಿಯಲ್ಲಿ ಜಿ.ಐ. ಪೈಪ್ ಸಿಕ್ತು ಅಂತ ಹಿಗ್ಗಬೇಡಿ. ಅದರ ಸತುವಿನ ಲೇಪ ಸುಟ್ರೆ ಏಳೋ ಹೊಗೆಗೆ ವೆಲ್ಡರ್‌ಗೆ ರಾತ್ರಿ ಜ್ವರ, ನಡುಕ ಬರಬಹುದು. ಪಾಪ, ಅವರ ಎದೆಗೂ ಬೆಲೆ ಇದೆ. ಬೆಸೆಯೋ ಜಾಗದಲ್ಲಿ ಲೇಪ ಉಜ್ಜಿ ತೆಗೆಸಿ, ಬಯಲಲ್ಲೇ ಮಾಡಿಸಿ.

ಆಮೇಲೆ ಗ್ರೈಂಡರ್, ರೆಡ್ ಆಕ್ಸೈಡ್, ಬಣ್ಣ. ತಡೀರಿ! ಬಣ್ಣಕ್ಕೆ ಮುಂಚೆ ಸೀಟ್ ಮೇಲೆ ಕೂತು ಪೆಡಲ್ ತುಳಿದು ನೋಡಿ. ಹಿಮ್ಮಡಿ ಬುಟ್ಟಿಗೆ ತಾಗಿದ್ರೆ ಎರಡಿಂಚು ಹಿಂದಕ್ಕೆ ಸರಿಸಿ.