ದೂರದ ಕೊಟ್ಟಿಗೆಯಲ್ಲಿ ವಿದ್ಯುತ್ತಿನ ದೋಷಗಳು

ಮನೆಯ ದೀಪಗಳು ಚೆನ್ನಾಗಿ ಉರಿಯುತ್ತಿದ್ದರೂ, ಹಿತ್ತಲಾಚೆಯ ಕೊಟ್ಟಿಗೆಯಲ್ಲಿ ಮೇವು ಕತ್ತರಿಸುವ ಯಂತ್ರವನ್ನು ನಡೆಸಹೋದ ಕೂಡಲೆ ಅಲ್ಲಿಯ ದೀಪವು ಮಂಕಾಗುವುದೆಂದೂ, ಮೋಟಾರು ಗುಂಯ್‌ಗುಟ್ಟಿ ನಿಂತುಬಿಡುವುದೆಂದೂ ರೈತರು ದೂರುವುದುಂಟು. ಸಾಮಾನ್ಯವಾಗಿ ತಪ್ಪನ್ನು ಮೋಟಾರಿನ ಮೇಲೆ ಹೊರಿಸಿ, ಪಟ್ಟಣಕ್ಕೆ ಒಯ್ದು ಸುರುಳಿಯನ್ನು ಹೊಸದಾಗಿ ಸುತ್ತಿಸುವರು. ತಂದು ಕೂರಿಸಿದ ಮೇಲೆಯೂ ಅದೇ ಕಥೆ. ದೋಷವು ಬಹುಮಟ್ಟಿಗೆ ಮನೆಗೂ ಕೊಟ್ಟಿಗೆಗೂ ನಡುವೆ ಇರುವ ತಂತಿಯಲ್ಲಿಯೇ ಇರುತ್ತದೆ.

ಲೆಕ್ಕವನ್ನು ನೋಡೋಣ. ಕೊಟ್ಟಿಗೆಯು 60 ಮೀಟರು ದೂರವಿದ್ದರೆ, ಹೋಗಿಬರುವ ತಂತಿಯ ಉದ್ದ 120 ಮೀಟರು. ತಂತಿಯು 2.5 ಚದರ ಮಿಲಿಮೀಟರಿನ ಅಲ್ಯೂಮಿನಿಯಮ್ಮಾದರೆ ಅದರ ತಡೆ ಸುಮಾರು 1.45 ಓಮ್. ಒಂದು ಕುದುರೆಶಕ್ತಿಯ ಸಿಂಗಲ್ ಫೇಸ್ ಮೋಟಾರು ಓಡುವಾಗ 7 ಆಂಪೇರಿನಷ್ಟು ಎಳೆದರೆ 10 ವೋಲ್ಟು ಮಾತ್ರ ನಷ್ಟ. ಆದರೆ ಹೊರಡುವ ಕ್ಷಣದಲ್ಲಿ ಅದು ಐದರಷ್ಟು ಎಳೆಯುವುದರಿಂದ ನಷ್ಟವು 50 ವೋಲ್ಟಿಗೆ ಏರುತ್ತದೆ. 230 ವೋಲ್ಟು 180 ಆಗುತ್ತದೆ. ಮೋಟಾರಿನ ತಿರುಗುಬಲವು ವೋಲ್ಟೇಜಿನ ವರ್ಗವನ್ನು ಅನುಸರಿಸುವ ಕಾರಣ ಉಳಿಯುವುದು ಐದರಲ್ಲಿ ಮೂರು ಪಾಲು. ಹೊರಡಲಾರದೆ ನಿಂತ ಮೋಟಾರಿನಲ್ಲಿ ಆ ಭಾರಿ ಪ್ರವಾಹವೇ ಹರಿಯುತ್ತಿದ್ದು, ಕೆಲವೇ ನಿಮಿಷಗಳಲ್ಲಿ ಸುರುಳಿ ಸುಡುತ್ತದೆ. ಅದೇ ದೂರಕ್ಕೆ 6 ಚದರ ಮಿಲಿಮೀಟರಿನ ತಾಮ್ರವನ್ನು ಎಳೆಸಿದರೆ ಹೊರಡುವಾಗಿನ ನಷ್ಟ ಸುಮಾರು 13 ವೋಲ್ಟು.

ಪರೀಕ್ಷೆಯನ್ನು ಪರವಾನಗಿಯುಳ್ಳ ವೈರ್‌ಮನ್ನನಿಂದಲೇ ಮಾಡಿಸತಕ್ಕದ್ದು. ಯಂತ್ರವು ಓಡುತ್ತಿರುವಾಗಲೇ ಮನೆಯ ಹಲಗೆಯಲ್ಲಿಯೂ ಕೊಟ್ಟಿಗೆಯ ಹಲಗೆಯಲ್ಲಿಯೂ ವೋಲ್ಟೇಜನ್ನು ಅಳೆಯಬೇಕು. ಮನೆಯಲ್ಲಿಯೇ ಕಡಮೆಯಿದ್ದರೆ ಹೊರಗಿನ ಸರಬರಾಜನ್ನು ವಿಚಾರಿಸಬೇಕು. ಎರಡಕ್ಕೂ ಇರುವ ಅಂತರವು ಲೆಕ್ಕಕ್ಕಿಂತ ಬಹಳ ಹೆಚ್ಚಾಗಿದ್ದರೆ ಎಲ್ಲೋ ಒಂದು ಸಂದು ಸಡಿಲವಾಗಿದೆ, ಇಲ್ಲವೆ ಕಿಲುಬು ಹಿಡಿದಿದೆ. ಗಂಜಲದ ಆವಿಯೂ ತೇವವೂ ಇರುವಲ್ಲಿ ತಾಮ್ರಕ್ಕೆ ಅಲ್ಯೂಮಿನಿಯಮ್ಮನ್ನು ಬರಿದೆ ಹೆಣೆದ ಸಂದು ಬಹುಕಾಲ ಬಾಳದು. ಅಂತರ ಸರಿಯಾಗಿದ್ದೂ ಮೋಟಾರು ಹೊರಡದಿದ್ದರೆ ಕೆಪಾಸಿಟರನ್ನು ನೋಡಿಸಬಹುದು. ಸುರುಳಿ ಸುತ್ತಿಸುವುದಕ್ಕಿಂತ ಅದು ಬಲು ಅಗ್ಗ. ಜೇಬಿನ ಟೆಸ್ಟರು ಬೆಳಗಿತೆಂದು ನೆಚ್ಚಲಾಗದು. ನ್ಯೂಟ್ರಲ್ ತಂತಿ ತುಂಡಾಗಿದ್ದರೂ ಫೇಸಿನ ಮೇಲೆ ಅದು ಬೆಳಗುತ್ತದೆ.

ಕೆಲವರು ಖರ್ಚನ್ನು ಉಳಿಸಲೆಂದು ಒಂದೇ ತಂತಿಯನ್ನು ಎಳೆದು, ನ್ಯೂಟ್ರಲ್ಲಿಗೆ ಬದಲಾಗಿ ನೆಲಕ್ಕೆ ಗೂಟ ಹೊಡೆದಿರುವುದು ಕಂಡುಬರುತ್ತದೆ. ಬೇಸಗೆಯಲ್ಲಿ ನೆಲ ಒಣಗಿದಂತೆ ದೀಪವು ಸೊರಗುತ್ತದೆಂದು ಆ ಗೂಟಕ್ಕೆ ಕೊಡಗಟ್ಟಲೆ ನೀರು ಸುರಿಯುವರು! ಇದು ಕೇವಲ ಅಜಾಗರೂಕತೆಯಲ್ಲ, ಪ್ರಾಣಾಪಾಯ. ಗೂಟದ ಸುತ್ತಣ ನೆಲದಲ್ಲಿ ಹೆಜ್ಜೆಗೂ ಹೆಜ್ಜೆಗೂ ವೋಲ್ಟೇಜು ಬೇರೆಯಾಗುತ್ತದೆ. ದನದ ಮುಂಗಾಲಿಗೂ ಹಿಂಗಾಲಿಗೂ ಅಂತರ ಹೆಚ್ಚಾದುದರಿಂದಲೂ, ಪ್ರವಾಹವು ಅದರ ಎದೆಯ ಮೂಲಕವೇ ಹಾಯುವುದರಿಂದಲೂ, ಮನುಷ್ಯನಿಗೆ ಜುಮ್ಮೆನ್ನಿಸುವಷ್ಟು ಸೋರಿಕೆಯೇ ದನವನ್ನು ಕೆಡವಬಲ್ಲುದು. ಹಸುವು ಬಾನಿಯ ನೀರಿಗೆ ಮೂತಿಯಿಟ್ಟು ಬೆದರಿ ಹಿಂಜರಿದರೆ, ಒಡನೆ ಮೆಯಿನ್ ಸ್ವಿಚ್ಚನ್ನು ಆರಿಸಿ ತಂತಿಗಳನ್ನು ನೋಡಿಸತಕ್ಕದ್ದು.

ಕೊಟ್ಟಿಗೆಯ ತಂತಿಗೆ ಮನೆಯ ಹಲಗೆಯಲ್ಲಿ 30 ಮಿಲಿಆಂಪೇರಿನ ಸೋರಿಕೆ ತಡೆಯುವ ಸ್ವಿಚ್ಚನ್ನು ಹಾಕಿಸುವುದು ಅವಶ್ಯ. ಮಳೆಗಾಲದಲ್ಲಿ ಅದು ಪದೇಪದೇ ಬೀಳುವುದೆಂದು ಕಿತ್ತುಹಾಕತಕ್ಕದ್ದಲ್ಲ. ಕೊಟ್ಟಿಗೆಯ ಉಪಕರಣಗಳನ್ನೆಲ್ಲ ಬಿಡಿಸಿ, ಸ್ವಿಚ್ಚನ್ನು ಹಾಕಿ, ಒಂದೊಂದನ್ನೇ ಸೇರಿಸುತ್ತ ಬಂದರೆ ಯಾವುದನ್ನು ಸೇರಿಸಿದಾಗ ಬೀಳುವುದೋ ಅದರಲ್ಲಿ ದೋಷವುಂಟು. ಏನನ್ನೂ ಸೇರಿಸದೆಯೇ ಬಿದ್ದರೆ ತೇವವು ತಂತಿಯನ್ನೋ ಹೋಲ್ಡರನ್ನೋ ಹೊಕ್ಕಿದೆ.