ಮಾತ್ರೆ ನುಂಗುವ ಮುನ್ನ ಮಾಹಿತಿ ಕೇಳಿ

ನನ್ನ ವಿದ್ಯಾರ್ಥಿಯೊಬ್ಬನ ತಾಯಿಯನ್ನು ಮಳವಳ್ಳಿಯಿಂದ ತಂದು ಮಂಡ್ಯದ ಆಸ್ಪತ್ರೆಗೆ ಸೇರಿಸಿದ್ದರು. ನೋಡಲು ಹೋದಾಗ ಆಕೆ ದಿಂಬಿನ ಕೆಳಗಿನಿಂದ ಒಂದು ಕರಪತ್ರ ತೆಗೆದು ನನ್ನ ಕೈಗಿತ್ತರು. ಮದ್ದೂರು ಬಸ್ ನಿಲ್ದಾಣದಲ್ಲಿ ಯಾರೋ ಹಂಚಿದ್ದಂತೆ. ಮೂರೇ ತಿಂಗಳಲ್ಲಿ ಸಕ್ಕರೆ ಕಾಯಿಲೆ ಬುಡಸಮೇತ ಗುಣ, ಅಡ್ಡ ಪರಿಣಾಮ ಇಲ್ಲವೇ ಇಲ್ಲ ಎಂದು ಅದರಲ್ಲಿ ದಪ್ಪಕ್ಷರಗಳಲ್ಲಿ ಅಚ್ಚಾಗಿತ್ತು. ಅದನ್ನು ನಂಬಿದ ಆಕೆ ವೈದ್ಯರು ಬರೆದುಕೊಟ್ಟ ಮಾತ್ರೆ ನಿಲ್ಲಿಸಿ, ಪುಡಿ ತರಿಸಿ ತಿಂದರು. ಕಾಲಿನ ಗಾಯ ಮಾಯಲಿಲ್ಲ. ಕೊನೆಗೆ ಹೆಬ್ಬೆರಳನ್ನೇ ತೆಗೆಯಬೇಕಾಯಿತು.

"ಆಪಾ, ಆ ಮಾತ್ರೆ ಯಾತಕ್ಕೆ ಅಂತ ನಂಗೆ ಯಾರೂ ಹೇಳ್ಲಿಲ್ಲ. ಈ ಚೀಟಿಯಲ್ಲಿ ಎಲ್ಲಾ ಬರೆದಿತ್ತಲ್ಲ" ಎಂದರು ಆಕೆ.

ಪ್ರಿಯ ಸಹೋದರಿಯರೇ, ಈ ಮಾತನ್ನು ಕೇಳಿ ನಾನು ತಲೆ ತಗ್ಗಿಸಿದೆ. ಸತ್ಯ ಹೇಳಬೇಕಾದವರು ಸುಮ್ಮನಿದ್ದರೆ ಸುಳ್ಳು ಹೇಳುವವನಿಗೆ ದಾರಿ ಸಲೀಸು.

ಕಾನೂನು ಏನು ಹೇಳುತ್ತದೆ?

ವೈದ್ಯರ ಚೀಟಿಯಿಂದ ಮಾತ್ರ ಕೊಳ್ಳಬೇಕಾದ ಔಷಧಗಳನ್ನು ಕಂಪೆನಿಗಳು ಕೇಂದ್ರ ಸರಕಾರದ ಪೂರ್ವಾನುಮತಿ ಇಲ್ಲದೆ ಜಾಹೀರಾತು ಮಾಡುವಂತಿಲ್ಲ. ಅಮೆರಿಕ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಇಂತಹ ಔಷಧಗಳ ಜಾಹೀರಾತು ಟಿ.ವಿ.ಯಲ್ಲೇ ಬರುತ್ತದೆ. ರೋಗಿಗೆ ತಿಳಿಯುವ ಹಕ್ಕಿದೆ ಎಂಬುದು ಕಂಪೆನಿಗಳ ವಾದ. ಹಕ್ಕು ಇರುವುದು ನಿಜ. ಆದರೆ ಮಾರುವವನಿಗೆ ಹೇಳಬೇಕೆನಿಸುವ ಮಾತೇ ಬೇರೆ, ಕಾಯಿಲೆಯವನಿಗೆ ತಿಳಿಯಬೇಕಾದ ಮಾತೇ ಬೇರೆ.

1954ರಲ್ಲಿ ಬಂದ ಕಾಯಿದೆಯೊಂದು ಸಕ್ಕರೆ ಕಾಯಿಲೆ, ಕ್ಯಾನ್ಸರ್, ರಕ್ತದೊತ್ತಡ, ಬಂಜೆತನ, ಮುಟ್ಟಿನ ತೊಂದರೆ ಮುಂತಾದವುಗಳನ್ನು ಗುಣಪಡಿಸುತ್ತೇವೆಂಬ ಜಾಹೀರಾತನ್ನು ನಿಷೇಧಿಸಿದೆ. ಮೊದಲ ಸಲ ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ ದಂಡ, ಇಲ್ಲವೇ ಎರಡೂ. ನಮ್ಮ ಮನೆಗಳಿಗೆ ಶರಬತ್ತಿನಿಂದ ಪರಿಚಿತವಾದ ಹಮ್‌ದರ್ದ್ ದವಾಖಾನೆ ಇದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1959ರ ಡಿಸೆಂಬರಿನಲ್ಲಿ ನ್ಯಾಯಾಲಯವು ಕಾಯಿದೆಯ ಒಂದೆರಡು ಅಂಶಗಳನ್ನು ರದ್ದುಪಡಿಸಿತು. ಆದರೆ ಜನರು ತಾವೇ ಮದ್ದು ಮಾಡಿಕೊಂಡು ಕೆಡಬಾರದೆಂಬ ಅದರ ಮೂಲ ಉದ್ದೇಶವನ್ನು ಎತ್ತಿಹಿಡಿಯಿತು. 2024ರಲ್ಲಿ ಪತಂಜಲಿ ಸಂಸ್ಥೆ ತನ್ನ ಜಾಹೀರಾತುಗಳಿಗಾಗಿ ಅದೇ ಸುಪ್ರೀಂ ಕೋರ್ಟಿನ ಕೋಪಕ್ಕೆ ಗುರಿಯಾಗಿ ಪತ್ರಿಕೆಗಳಲ್ಲಿ ಕ್ಷಮೆ ಕೇಳಿತು. ಯಾರ ಮದ್ದಾದರೂ ಕಾನೂನು ಒಂದೇ.

ಈ ಕಾಯಿದೆ ತಾಯಿತ, ಮಂತ್ರ, ಕವಚಗಳನ್ನೂ ಬಿಟ್ಟಿಲ್ಲ. ರೂಹಾನಿ ಇಲಾಜ್ ಎಂದು ಬೋರ್ಡು ಹಾಕಿ ಎಲ್ಲ ಕಾಯಿಲೆಗೂ ತಾಯಿತ ಮಾರುವವರು ನಮ್ಮಲ್ಲೂ ಇದ್ದಾರೆ. ದುಆ ನಮ್ಮ ಆಸರೆ, ಅದು ಅಂಗಡಿಯ ಸರಕಲ್ಲ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರ ಔಷಧ ಕಂಪೆನಿಗಳಿಗೆ ಮಾರಾಟದ ಸಂಹಿತೆಯೊಂದನ್ನು ಹೊರಡಿಸಿತು. ವೈದ್ಯರಿಗೆ ಉಡುಗೊರೆ ಕೊಡಬಾರದು, ಯಾವ ಔಷಧಕ್ಕೂ ಅಡ್ಡ ಪರಿಣಾಮವೇ ಇಲ್ಲ ಎನ್ನಬಾರದು ಎಂದು ಅದರಲ್ಲಿದೆ.

ಹಾಗಾದರೆ ನಮಗೆ ಹೇಳುವವರು ಯಾರು?

ಕಂಪೆನಿಯ ಬಾಯಿಗೆ ಬೀಗ ಹಾಕಿದ್ದು ಸರಿ. ಆದರೆ ಡಬ್ಬಿಯೊಳಗಿನ ಕಾಗದ ಇಂಗ್ಲಿಷಿನಲ್ಲಿ, ಇರುವೆಯಂತಹ ಅಕ್ಷರಗಳಲ್ಲಿ ಇರುತ್ತದೆ. ಅಂಗಡಿಯವರು ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರೆ ಅವಧಿ ಮುಗಿಯುವ ದಿನಾಂಕವೂ ಅಂಗಡಿಯಲ್ಲೇ ಉಳಿಯಬಹುದು. 2023ರ ಆಗಸ್ಟ್‌ನಿಂದ 300 ಔಷಧಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಅದು ತಯಾರಕರು ಯಾರು, ಅವಧಿ ಎಂದಿನವರೆಗೆ ಎಂದು ತಿಳಿಸಲಿಕ್ಕೆ. ಮಗುವಿಗೆ ಹಾಲೂಡಿಸುವ ತಾಯಿ ಆ ಮಾತ್ರೆ ನುಂಗಬಹುದೇ ಎಂದು ಹೇಳಲಿಕ್ಕಲ್ಲ.

ಅದನ್ನು ಹೇಳಬೇಕಾದವರು ವೈದ್ಯರು ಮತ್ತು ಫಾರ್ಮಸಿಸ್ಟ್. ಔಷಧ ಹೇಗೆ ತೆಗೆದುಕೊಳ್ಳಬೇಕೆಂದು ರೋಗಿಗೆ ತಿಳಿಹೇಳುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ನಿಯಮಾವಳಿಯೇ ಹೇಳುತ್ತದೆ. ಮಂಡ್ಯದ ಪೇಟೆಯಲ್ಲಾಗಲಿ ಮಳವಳ್ಳಿಯಲ್ಲಾಗಲಿ ನಾವು ಕೇಳುವುದು ಉಪಕಾರವನ್ನಲ್ಲ, ಹಕ್ಕನ್ನು.

ಆದ್ದರಿಂದ ಸಹೋದರಿಯರೇ, ಕೌಂಟರ್ ಬಿಡುವ ಮೊದಲು ಕೇಳಿ. ಈ ಮಾತ್ರೆ ಯಾತಕ್ಕೆ? ಊಟಕ್ಕೆ ಮೊದಲೋ ನಂತರವೋ? ಎಷ್ಟು ದಿನ? ಒಂದು ಹೊತ್ತು ಮರೆತರೆ ಏನು ಮಾಡಬೇಕು? ಏನಾದರೆ ಕೂಡಲೇ ವೈದ್ಯರಲ್ಲಿಗೆ ಓಡಬೇಕು? ಬಸುರಿಯಾಗಿದ್ದರೆ, ಹಾಲೂಡಿಸುತ್ತಿದ್ದರೆ ನೀವೇ ಮೊದಲು ಹೇಳಿ. ರಮಝಾನ್ ಬರುವ ಮುನ್ನವೇ ಸಹರಿ-ಇಫ್ತಾರಿನ ವೇಳೆಗೆ ಮಾತ್ರೆಯನ್ನು ಹೇಗೆ ಹೊಂದಿಸುವುದೆಂದು ವೈದ್ಯರನ್ನು ವಿಚಾರಿಸಿ. ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ನುಂಗಿ ಹಸಿದಿದ್ದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ.

ಸ್ಟ್ರಿಪ್ಪಿನ ಮೇಲೆ ಉದ್ದನೆಯ ಕೆಂಪು ಗೆರೆ ಇದ್ದರೆ ಅದನ್ನು ವೈದ್ಯರ ಚೀಟಿ ಇಲ್ಲದೆ ಕೊಳ್ಳಬೇಡಿ. ಪಕ್ಕದ ಮನೆಯವರಿಗೂ ಕೊಡಬೇಡಿ. ಬಿಲ್ ಕೇಳಿ ಪಡೆಯಿರಿ. ಮದ್ದು ಒಗ್ಗದೆ ತೊಂದರೆಯಾದರೆ ವೈದ್ಯರಿಗೆ ತೋರಿಸಿ, ಶುಲ್ಕವಿಲ್ಲದ 1800-180-3024 ಸಂಖ್ಯೆಗೆ ಕರೆ ಮಾಡಿ ವರದಿ ಮಾಡಬಹುದು. ಸುಳ್ಳು ಕರಪತ್ರ ಕೈಗೆ ಬಂದರೆ ಹರಿದೆಸೆಯದೆ ಜಿಲ್ಲೆಯ ಔಷಧ ನಿಯಂತ್ರಣ ಅಧಿಕಾರಿಗಳಿಗೆ ತಲುಪಿಸಿ.

ಪ್ರವಾದಿ(ಸ)ರವರು ಒಮ್ಮೆ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದ ಪ್ರಸಂಗ ನಮಗೆಲ್ಲ ಗೊತ್ತು. ಮೇಲೆ ಒಣಗಿತ್ತು, ಒಳಗೆ ಒದ್ದೆಯಾಗಿತ್ತು. ಒದ್ದೆ ಕಾಳನ್ನು ಜನರಿಗೆ ಕಾಣುವಂತೆ ಏಕೆ ಮೇಲೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದರು. ಧಾನ್ಯಕ್ಕೇ ಈ ನಿಯಮವಾದರೆ ಜೀವ ಉಳಿಸುವ ಔಷಧಕ್ಕೆ ಇನ್ನೆಷ್ಟು! ಮಾರುವವನು ಮುಚ್ಚಿಡಬಾರದು. ಕೊಳ್ಳುವವರೂ ಕೈ ಹಾಕಿ ನೋಡಲು ಸಂಕೋಚಪಡಬಾರದು.

ಆ ತಾಯಿ ಈಗ ಮನೆಯಲ್ಲಿದ್ದಾರೆ, ಕುಂಟುತ್ತಾ ನಡೆಯುತ್ತಾರೆ. ತಮ್ಮ ಮಾತ್ರೆಗಳ ಹೆಸರು, ಹೊತ್ತು ಎಲ್ಲವನ್ನೂ ಮಗನ ಕೈಯಲ್ಲಿ ಕನ್ನಡದಲ್ಲಿ ಬರೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾರೆ. ಅಂತಹ ಒಂದು ಹಾಳೆ ನಿಮ್ಮ ಮನೆಯ ಗೋಡೆಯಲ್ಲೂ ಇರಲಿ.