ಅಡುಗೆಯ ಋಣ

ಮನೆಯಲ್ಲಿ ಹೆಪ್ಪು ಇಲ್ಲದಾದಾಗ ಬಟ್ಟಲು ಹಿಡಿದು ನೆರೆಮನೆಗೆ ಹೋಗುವುದು ನಮ್ಮ ಕಡೆಯ ಹಳೆಯ ರೂಢಿ. ಕೊಟ್ಟವರ ಮನೆಯ ಮೊಸರು ಅದರಿಂದೇನೂ ಕಡಿಮೆಯಾಗುವುದಿಲ್ಲ. ತಂದವರ ಮನೆಯಲ್ಲಿ ಬೆಳಗಾಗುವಷ್ಟರಲ್ಲಿ ಒಂದು ಗಡಿಗೆ ಮೊಸರು ಸಿದ್ಧವಾಗಿರುತ್ತದೆ. ಹೆಪ್ಪಿಗೆ ಯಾರೂ ಬೆಲೆ ಕಟ್ಟುವುದಿಲ್ಲ, ಲೆಕ್ಕ ಬರೆದಿಡುವುದಿಲ್ಲ. ಆದರೆ ಅದನ್ನು ಯಾರ ಮನೆಯಿಂದ ತಂದದ್ದೆಂಬುದನ್ನು ಮಾತ್ರ ಯಾವ ಗೃಹಿಣಿಯೂ ಮರೆಯುವುದಿಲ್ಲ. ಅಡುಗೆಯ ವಿಧಾನಗಳೂ ಬಹುಮಟ್ಟಿಗೆ ಹೀಗೆಯೇ ಮನೆಯಿಂದ ಮನೆಗೆ, ಊರಿಂದ ಊರಿಗೆ ಹಬ್ಬಿದಂಥವು. ಹೀಗಿರುವಾಗ ಅಡುಗೆಯ ವಿಷಯದಲ್ಲಿ ಕಳವು, ಹಕ್ಕು, ಋಣ ಎಂಬ ಮಾತುಗಳನ್ನಾಡಿದರೆ ಕೆಲವರಿಗೆ ವಿನೋದವಾಗಿ ಕಂಡೀತು. ಕೆಲವು ಕಾಲದ ಹಿಂದೆ ನನಗೂ ಹಾಗೆಯೇ ಕಾಣುತ್ತಿತ್ತು. ಆ ಎಣಿಕೆ ತಪ್ಪೆಂದು ನನಗೆ ತಿಳಿದದ್ದು ಹೇಗೆಂಬುದನ್ನು ಮೊದಲು ಹೇಳುತ್ತೇನೆ.

ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ಮಿಶ್ರಿಕೋಟಿ ನನ್ನ ತಾಯಿಯ ತವರೂರು. ಅಲ್ಲಿ ನಮ್ಮ ಓಣಿಯಲ್ಲಿ ಎಲ್ಲರೂ ‘ಆಯಿ’ ಎಂದೇ ಕರೆಯುವ ವೃದ್ಧೆಯೊಬ್ಬರಿದ್ದಾರೆ. ಅವರ ಕೈಯ ಮಾದಲಿ ನಮ್ಮ ಬಂಧುಬಳಗದಲ್ಲೆಲ್ಲ ಹೆಸರಾದದ್ದು. ಮಾದಲಿಯನ್ನು ಬಲ್ಲದವರಿಗಾಗಿ ಒಂದೆರಡು ಮಾತು ಹೇಳಬೇಕು. ಗೋದಿಯನ್ನೂ ಕಡಲೆಬೇಳೆಯನ್ನೂ ಹದವಾಗಿ ಹುರಿದು ತರಿತರಿಯಾಗಿ ಬೀಸಿ, ಗಟ್ಟಿಯಾಗಿ ಕಲಸಿ, ದಪ್ಪನೆಯ ರೊಟ್ಟಿಗಳನ್ನಾಗಿ ಲಟ್ಟಿಸಿ ಬೇಯಿಸಬೇಕು. ಅವನ್ನು ಬಿಸಿಯಿರುವಾಗಲೇ ಮುರಿದು, ಕುಟ್ಟಿ, ಜರಡಿ ಹಿಡಿದು, ಬೆಲ್ಲದ ಪುಡಿ, ಒಣಕೊಬ್ಬರಿ, ಗಸಗಸೆ, ಪುಟಾಣಿ, ಏಲಕ್ಕಿ, ಒಣಶುಂಠಿಗಳನ್ನು ಕೂಡಿಸಬೇಕು. ಉಣ್ಣುವಾಗ ಮೇಲೆ ಬಿಸಿ ಹಾಲು, ತುಪ್ಪ. ಕೆಲವು ದಿನ ಕೆಡದೆ ಉಳಿಯುವುದರಿಂದ ಜಾತ್ರೆಗೆ ಹೋಗುವವರ ಬುತ್ತಿಯಲ್ಲಿಯೂ ಇದಕ್ಕೆ ಸ್ಥಾನವುಂಟು.

ಆಯಿಯ ಒಲೆಯ ಮುಂದೆ ಕುಳಿತು ಕಲಿತ ಈ ವಿಧಾನವನ್ನು ನಾನು ಪತ್ರಿಕೆಯೊಂದಕ್ಕೆ ಬರೆದು ಕಳಿಸಿದೆ. ಪಟ್ಟಣದ ಓದುಗರಿಗೆ ಸುಲಭವಾಗಲೆಂದು ಕೆಲವು ಬದಲಾವಣೆಗಳನ್ನೂ ಮಾಡಿದೆ. ಬೆಲ್ಲದ ಸ್ಥಾನಕ್ಕೆ ಸಕ್ಕರೆ ಬಂದಿತು. ಮಕ್ಕಳಿಗೆ ಖಾರವಾದೀತೆಂದು ಶುಂಠಿಯನ್ನು ಕೈಬಿಟ್ಟೆ. ಹುರಿದು ಬೀಸುವ ಶ್ರಮ ಬೇಡವೆಂದು ಅಂಗಡಿಯ ಗೋದಿಹಿಟ್ಟೇ ಸಾಕೆಂದೆ. ‘ಮಿಶ್ರಿಕೋಟಿ ಮಾದಲಿ’ ಎಂದು ಶೀರ್ಷಿಕೆ ಕೊಟ್ಟು, ಕೆಳಗೆ ನನ್ನ ಹೆಸರನ್ನು ಬರೆದೆ. ಅದು ಅಚ್ಚಾಯಿತು. ಕೆಲವು ತಿಂಗಳ ಮೇಲೆ ಅದೇ ಬರಹ ಅಕ್ಷರ ಅಕ್ಷರವೂ, ನನ್ನದೇ ಒಂದು ಅಚ್ಚಿನ ತಪ್ಪಿನೊಡನೆ, ಬೇರೆ ಯಾರದೋ ಹೆಸರು ಹೊತ್ತು ನನ್ನ ಮೊಬೈಲಿಗೇ ಬಂದು ತಲುಪಿತು. ನನಗೆ ಬಂದ ಕೋಪ ಅಷ್ಟಿಷ್ಟಲ್ಲ.

ಮದುವೆಯೊಂದರ ನಿಮಿತ್ತ ಮಿಶ್ರಿಕೋಟಿಗೆ ಹೋದಾಗ ಆಯಿಯ ಮುಂದೆ ಈ ದುಃಖವನ್ನು ತೋಡಿಕೊಂಡೆ. ಮೊಮ್ಮಗಳಿಂದ ಅದನ್ನು ಪೂರ್ತಿ ಓದಿಸಿ ಕೇಳಿದ ಮೇಲೆ ಅವರು ಅಂದರು: “ನಿನ್ನ ಹೆಸರು ಇಲ್ಲಂತ ನಿನಗ ಸಿಟ್ಟು ಬಂದೈತಿ, ಬರಲಿ. ಮೊದಲ ನೀ ಬರದಿದ್ದರಾಗ ನನ್ನ ಹೆಸರು ಎಲ್ಲಿತ್ತು ಯವ್ವಾ?” ನನ್ನಲ್ಲಿ ಉತ್ತರವಿರಲಿಲ್ಲ. ಅವರೇ ಮುಂದುವರಿಸಿದರು: “ನನ್ನ ಹೆಸರು ಹೋಗಲಿ ಬಿಡು. ಸುಂಟಿ ಯಾಕ ತಗದಿ? ಸುಂಟಿ ಇಲ್ಲದ ಮಾದಲಿ ಹೊಟ್ಟಿಗೆ ಜಡ. ತಗದರ ತಗಿ, ನಿನ್ನ ಮನ್ಯಾಗ ನಿನ್ನ ಖುಷಿ. ಅದಕ್ಕ ಮಿಶ್ರಿಕೋಟಿ ಮಾದಲಿ ಅಂತ ಯಾಕಂದಿ? ನಾಳೆ ಯಾರರೆ ಅದನ್ನ ಮಾಡಿ ತಿಂದು, ಮಿಶ್ರಿಕೋಟಿ ಮಂದಿಗೆ ಮಾದಲಿ ಮಾಡಾಕ ಬರೂದಿಲ್ಲ ಅಂದ್ರ?”

ನಾನು ನೊಂದದ್ದು ನನ್ನ ಹೆಸರಿಗಾಗಿ. ಆಯಿ ನೊಂದದ್ದು ಪದಾರ್ಥದ ಮಾನಕ್ಕಾಗಿ. ಪ್ರಕಟವಾದ ಅಡುಗೆಯೊಂದನ್ನು ಇನ್ನೊಬ್ಬರಿಗೆ ಹಂಚುವಾಗ, ತಿದ್ದುವಾಗ, ನಮ್ಮ ಮೇಲೆ ಬೀಳುವ ಹೊಣೆಗಳು ಎರಡೆಂಬುದು ನನಗೆ ಅಂದು ಹೊಳೆಯಿತು. ಒಂದು, ಯಾರಿಂದ ಪಡೆದದ್ದೆಂದು ಹೇಳುವುದು. ಇನ್ನೊಂದು, ಪಡೆದದ್ದನ್ನು ಎಷ್ಟು ಬದಲಿಸಿದೆವೆಂದು ಹೇಳುವುದು.

ಈ ವಿಷಯದಲ್ಲಿ ಕಾನೂನು ಏನೆನ್ನುತ್ತದೆ ಎಂಬ ಕುತೂಹಲ ಸಹಜ. ನಮ್ಮ ದೇಶದ ಗ್ರಂಥಸ್ವಾಮ್ಯದ ಕಾಯಿದೆ ೧೯೫೭ರದು. ಸಾಹಿತ್ಯ ಕೃತಿಗೆ ಅದು ಕರ್ತೃವಿನ ಜೀವಿತಾವಧಿಯಲ್ಲಿಯೂ, ಅವರು ತೀರಿಕೊಂಡ ಅನಂತರ ೬೦ ವರ್ಷಗಳವರೆಗೂ ರಕ್ಷಣೆಯನ್ನು ಕೊಡುತ್ತದೆ. ಆದರೆ ಆ ರಕ್ಷಣೆ ಬರವಣಿಗೆಗೆ ಸಲ್ಲುವುದೇ ಹೊರತು ಬರವಣಿಗೆಯೊಳಗಿನ ವಿಚಾರಕ್ಕಲ್ಲ. ೧೯೭೮ರಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟಪಡಿಸಿತು. ಆರ್. ಜಿ. ಆನಂದ್ ಎಂಬ ನಾಟಕಕಾರರು ತಮ್ಮ ‘ಹಮ್ ಹಿಂದೂಸ್ತಾನಿ’ ನಾಟಕವನ್ನು ‘ನ್ಯೂ ಡೆಲ್ಲಿ’ ಎಂಬ ಚಲನಚಿತ್ರ ಅನುಕರಿಸಿದೆಯೆಂದು ದಾವೆ ಹೂಡಿದ್ದರು. ವಿಚಾರ, ವಸ್ತು, ಕಥೆಯ ಹಂದರ ಇವುಗಳ ಮೇಲೆ ಯಾರಿಗೂ ಸ್ವಾಮ್ಯವಿಲ್ಲ, ಅವನ್ನು ಹೇಳಿದ ರೀತಿಗೆ ಮಾತ್ರ ಸ್ವಾಮ್ಯವುಂಟು ಎಂದು ನ್ಯಾಯಾಲಯ ನಿರ್ಣಯಿಸಿತು. ನಾಟಕದ ವಸ್ತುವಿಗೇ ಇಲ್ಲದ ರಕ್ಷಣೆ ಮಾದಲಿಯ ಹದಕ್ಕೆ ಹೇಗೆ ದೊರೆತೀತು? ಅಮೆರಿಕದಲ್ಲಂತೂ ಅಡುಗೆಯ ಬಗೆಗೇ ತೀರ್ಪು ಬಂದಿದೆ. ಮೊಸರಿನಿಂದ ಮಾಡುವ ಪದಾರ್ಥಗಳ ಪುಸ್ತಕವೊಂದರ ವ್ಯಾಜ್ಯದಲ್ಲಿ ೧೯೯೬ರಲ್ಲಿ ಅಲ್ಲಿಯ ಮೇಲ್ಮನವಿ ನ್ಯಾಯಾಲಯವೊಂದು, ಬರಿಯ ಸಾಮಗ್ರಿಗಳ ಪಟ್ಟಿ ಮತ್ತು ಮಾಡುವ ಕ್ರಮ ಇಷ್ಟೇ ಇರುವಲ್ಲಿ ಗ್ರಂಥಸ್ವಾಮ್ಯ ಸಲ್ಲದೆಂದು ಹೇಳಿತು. ಅಡುಗೆಯೊಡನೆ ಬರೆದ ನೆನಪು, ವರ್ಣನೆ, ವಿವರಣೆ, ತೆಗೆದ ಛಾಯಾಚಿತ್ರ, ಇವು ಬೇರೆಯ ಮಾತು. ಅವು ಬರೆದವರ, ತೆಗೆದವರ ಸ್ವತ್ತು.

ಆದ್ದರಿಂದ ನನ್ನ ಬರಹವನ್ನು ಅಕ್ಷರಶಃ ನಕಲು ಮಾಡಿದವರು ನನ್ನ ಮಾತುಗಳನ್ನು ಕದ್ದರೆಂದು ಹೇಳಬಹುದು. ಮಾದಲಿಯನ್ನು ಕದ್ದರೆಂದು ಹೇಳುವಂತಿಲ್ಲ. ಮಾದಲಿ ನನ್ನದಾಗಿದ್ದರೆ ತಾನೇ!

ನಮ್ಮ ಹಿಂದಿನವರ ನಡೆಯೂ ಇದನ್ನೇ ಹೇಳುತ್ತದೆ. ಅಡುಗೆಯನ್ನು ಗ್ರಂಥಸ್ಥಗೊಳಿಸುವ ಕೆಲಸ ಕನ್ನಡದಲ್ಲಿ ಸಾವಿರ ವರ್ಷದಷ್ಟು ಹಳೆಯದು. ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ ೧೦೨೫ರ ಸುಮಾರಿನದು. ಕೃಷಿ, ಜಲಶೋಧನೆ, ವೈದ್ಯಗಳೊಡನೆ ಪಾಕದ ವಿಷಯವೂ ಅದರಲ್ಲಿದೆ. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ರಚಿಸಿದ. ಆ ಷಟ್ಪದಿ ಮಂಗರಸನದು. ಅದನ್ನು ಎತ್ತಿ ತನ್ನದೆನ್ನುವವನು ಕಾವ್ಯಚೋರ. ಆದರೆ ಆ ಪದ್ಯಗಳೊಳಗಿನ ಭಕ್ಷ್ಯಗಳೆಲ್ಲ ಮಂಗರಸನ ಸೃಷ್ಟಿಯೆಂದು ಯಾರೂ ತಿಳಿಯರು. ಅವು ಆ ಕಾಲದ ಅಡುಗೆಮನೆಗಳ ಸಾಮೂಹಿಕ ಗಳಿಕೆ. ಕವಿಯ ಹೆಸರು ನಮಗೆ ಉಳಿದು ಬಂದಿದೆ. ಬಾಣಲೆಯ ಮುಂದೆ ನಿಂತು ಹದ ಕಂಡುಹಿಡಿದ ಕೈಗಳ ಹೆಸರು ಒಂದೂ ಉಳಿದಿಲ್ಲ. ಇದು ಮಂಗರಸನ ತಪ್ಪೆಂದು ನಾನು ಹೇಳುವುದಿಲ್ಲ. ಅಂದಿನ ರೀತಿ ಅದು. ಇಂದು ಬರೆಯುವ ನಮಗೆ ಆ ರೀತಿಯನ್ನು ಮುಂದುವರಿಸುವ ನೆವವಿಲ್ಲ. ಏಕೆಂದರೆ ಕಲಿಸಿದವರ ಹೆಸರು, ಓಣಿ, ಮನೆ ಎಲ್ಲವೂ ನಮಗೆ ಗೊತ್ತಿರುತ್ತವೆ.

ಇನ್ನು ಊರಿನ ಹೆಸರಿನ ಪ್ರಶ್ನೆ. ಆಯಿ ಎತ್ತಿದ ಈ ಆಕ್ಷೇಪ ಮೇಲುನೋಟಕ್ಕೆ ಕಾಣುವುದಕ್ಕಿಂತ ಗಹನವಾದದ್ದು. ನಮ್ಮ ಧಾರವಾಡದ ಪೇಡೆಯನ್ನೇ ನೋಡೋಣ. ಉತ್ತರ ಪ್ರದೇಶದ ಉನ್ನಾವದಿಂದ ಧಾರವಾಡಕ್ಕೆ ಬಂದು ನೆಲೆಸಿದ ಠಾಕೂರ ಮನೆತನದವರು ಅದನ್ನು ಇಲ್ಲಿ ಆರಂಭಿಸಿದರು. ಹೊರಗಿನಿಂದ ಬಂದ ಕೈ, ಇಲ್ಲಿಯ ಹಾಲು. ಎರಡೂ ಕೂಡಿ ಅದು ಧಾರವಾಡದ್ದಾಯಿತು. ೧೯೯೯ರ ಭೌಗೋಳಿಕ ಗುರುತುಗಳ ಕಾಯಿದೆಯಡಿ ಇಂದು ಅದರ ಹೆಸರಿಗೆ ರಕ್ಷಣೆ ಇದೆ. ಬ್ಯಾಡಗಿ ಮೆಣಸಿನಕಾಯಿಗೂ ಇದೆ. ಈ ಕಾಯಿದೆ ಯಾರಿಗೂ ಮನೆಯಲ್ಲಿ ಹಾಲು ಕಾಸಿ ಪೇಡೆ ಮಾಡಬೇಡವೆನ್ನುವುದಿಲ್ಲ. ಬೇರೆಲ್ಲೋ ಬೇರೆ ರೀತಿಯಲ್ಲಿ ಮಾಡಿ ಧಾರವಾಡದ್ದೆಂದು ಮಾರಬೇಡವೆನ್ನುತ್ತದೆ. ಅಂದರೆ ಅದು ಕಾಯುವುದು ಪದಾರ್ಥವನ್ನಲ್ಲ, ಹೆಸರಿಗೂ ಪದಾರ್ಥಕ್ಕೂ ಇರುವ ನಂಟನ್ನು. ಓಣಿಯ ಮಾದಲಿಗೆ ಅಂಥ ಸರಕಾರಿ ಗುರುತು ಇಲ್ಲ. ಅದರ ಹೆಸರನ್ನು ಕಾಯುವುದು ಬರೆಯುವವರ ಮರ್ಯಾದೆಯೊಂದೇ.

ಹಾಗಾದರೆ ಅಡುಗೆಯನ್ನು ಬದಲಿಸಲೇ ಬಾರದೆ? ಈ ಸಂದೇಹವನ್ನೂ ಆಯಿಯೇ ಪರಿಹರಿಸಿದರು. ಅಂದು ಸಂಜೆ ಅವರು ಹೇಳಿದ ಮಾತು ಇದು: “ನಾ ಏನೂ ಬದಲ ಮಾಡಿಲ್ಲಂತ ತಿಳಕೋಬ್ಯಾಡ. ನಮ್ಮ ಅತ್ತಿ ನವಲಗುಂದ ಕಡಿಯಾಕಿ. ಆಕಿ ಬರೇ ಗೋದಿ, ಕಡ್ಲಿಬ್ಯಾಳಿ ಹಾಕತಿದ್ಲು. ಇದು ಭತ್ತದ ಸೀಮಿ. ನಾ ಒಂದು ಹಿಡಿ ಅಕ್ಕಿ ಕೂಡಿಸಿದೆ. ಇವತ್ತಿಗೂ ಕೇಳಿದವರಿಗೆ ಹೇಳತೀನಿ, ಮಾದಲಿ ಅತ್ತೀದು, ಅಕ್ಕಿ ನಂದು.”

ನವಲಗುಂದದ್ದು ಎರೆಭೂಮಿ, ಗೋದಿ, ಜೋಳ, ಕಡಲೆಗಳ ನಾಡು. ಕಲಘಟಗಿ ಮಲೆನಾಡಿನ ಸೆರಗು. ಇಲ್ಲಿ ಭತ್ತ ಬೆಳೆಯುತ್ತದೆ. ಸೊಸೆಯಾಗಿ ಬಂದವಳು ಅತ್ತೆಯಿಂದ ಕಲಿತ ಅಡುಗೆಗೆ ತಾನಿರುವ ನೆಲದ ಕಾಳನ್ನು ಕೂಡಿಸಿದಳು. ಅಡುಗೆ ಬೆಳೆಯುವುದೇ ಹೀಗೆ. ಬದಲಾವಣೆಯನ್ನು ನಿಷೇಧಿಸಿದ್ದರೆ ಇಂದಿನ ಮಾದಲಿಯೂ ಇರುತ್ತಿರಲಿಲ್ಲ, ಪೇಡೆಯೂ ಇರುತ್ತಿರಲಿಲ್ಲ. ಆದರೆ ಅತ್ತೆಯ ಭಾಗ ಯಾವುದು, ತನ್ನ ಭಾಗ ಯಾವುದು ಎಂಬುದನ್ನು ಆಯಿ ಇಷ್ಟು ವರ್ಷ ಬೇರೆಬೇರೆಯಾಗಿಯೇ ಇಟ್ಟುಕೊಂಡು ಬಂದಿದ್ದಾರೆ. ಅಕ್ಷರ ಬಲ್ಲ ನಾನು ಇದನ್ನು ಮಾಡಲಿಲ್ಲ.

ಗ್ರಂಥಸ್ವಾಮ್ಯದ ಕಾಯಿದೆಯ ೫೭ನೆಯ ಕಲಮಿನಲ್ಲಿ ಕರ್ತೃವಿನ ವಿಶೇಷ ಹಕ್ಕುಗಳೆಂಬ ಭಾಗವಿದೆ. ಕೃತಿಯ ಸ್ವಾಮ್ಯವನ್ನು ಮಾರಿಕೊಂಡ ಮೇಲೂ ಎರಡು ಹಕ್ಕುಗಳು ಕರ್ತೃವಿನಲ್ಲಿ ಉಳಿಯುತ್ತವೆ: ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು, ಮತ್ತು ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸಿದರೆ ತಡೆಯುವ ಹಕ್ಕು. ಇದನ್ನು ಓದಿದಾಗ ನಾನು ಬೆರಗಾದೆ. ಆಯಿ ಕೇಳಿದ ಎರಡು ಪ್ರಶ್ನೆಗಳೂ ಇವೇ ಅಲ್ಲವೆ? ಕವಿಗೆ ಕಾನೂನು ಕೊಡುವುದನ್ನು ಅಡುಗೆಯವಳಿಗೆ ಕಾನೂನು ಕೊಡುವುದಿಲ್ಲ. ಅದನ್ನು ನಾವು ಸೌಜನ್ಯದಿಂದ ಕೊಡಬೇಕಾಗಿದೆ.

ಇದು ಕಷ್ಟದ ಕೆಲಸವೇನಲ್ಲ. ಪುಸ್ತಕದಿಂದ ತೆಗೆದುಕೊಂಡಿದ್ದರೆ ಪುಸ್ತಕದ ಹೆಸರನ್ನೂ ಬರೆದವರ ಹೆಸರನ್ನೂ ಹೇಳುವುದು. ಮನೆಯಿಂದ ಕಲಿತಿದ್ದರೆ, ಅವರ ಒಪ್ಪಿಗೆ ಪಡೆದು, ಆ ಮನೆಯವರನ್ನು ನೆನೆಯುವುದು. ಇನ್ನೊಬ್ಬರ ವಾಕ್ಯಗಳನ್ನು ಎತ್ತಿಕೊಳ್ಳದೆ, ಒಮ್ಮೆಯಾದರೂ ಸ್ವತಃ ಮಾಡಿ ನೋಡಿ, ತನ್ನ ಮಾತಿನಲ್ಲಿ ಬರೆಯುವುದು. ಬದಲಿಸಿದ್ದನ್ನು ಬದಲಿಸಿದೆನೆಂದು ಒಪ್ಪುವುದು. ಬದಲಾವಣೆ ಬಹಳವಾಗಿದ್ದರೆ ಊರಿನ ಹೆಸರನ್ನು ಬಿಟ್ಟು ಬೇರೆ ಹೆಸರಿಡುವುದು. ಇಂದು ಒಂದು ಬೆರಳು ಒತ್ತಿದರೆ ಬರಹ ನೂರು ಮನೆ ಸೇರುತ್ತದೆ. ಹೀಗೆ ಸಾಗುವಾಗ ಮೊದಲು ಕಳಚಿ ಬೀಳುವುದು ಹೆಸರು. ಆದ್ದರಿಂದ ಮುಂದಕ್ಕೆ ದಾಟಿಸುವವರು ಹೆಸರನ್ನೂ ಕೂಡಿಯೇ ದಾಟಿಸಬೇಕು.

ಒಂದು ಸಂದರ್ಭದಲ್ಲಿ ಮಾತ್ರ ಹೆಸರು ಹೇಳಿದರೂ ಋಣ ತೀರದು. ಹುಬ್ಬಳ್ಳಿ-ಧಾರವಾಡಗಳಲ್ಲಿ ಖಾನಾವಳಿ ನಡೆಸಿ, ರೊಟ್ಟಿ, ಚಟ್ನಿಪುಡಿ ಮಾರಿ ಸಂಸಾರ ಸಾಗಿಸುವ ಹೆಣ್ಣುಮಕ್ಕಳು ಅನೇಕರಿದ್ದಾರೆ. ಅವರ ಪಾಲಿಗೆ ಕೈಯ ಹದವೇ ಬಂಡವಾಳ. ವಿಶ್ವಾಸದಿಂದ ಹೇಳಿಕೊಟ್ಟದ್ದನ್ನು ಕೇಳದೆ ಲೋಕಕ್ಕೆ ಸಾರಿದರೆ, ಎಷ್ಟು ಹೊಗಳಿ ಬರೆದರೂ ಅದು ಅವರ ಅನ್ನಕ್ಕೆ ಕೈಹಾಕಿದಂತೆ. ಹೆಪ್ಪು ಕೊಡುವವರಿಗೆ ಮೊಸರು ಕಡಿಮೆಯಾಗುವುದಿಲ್ಲ ಎಂಬ ನನ್ನ ಮೊದಲ ಮಾತು ಮೊಸರು ಮಾರಿ ಬದುಕುವವರಿಗೆ ಅನ್ವಯಿಸುವುದಿಲ್ಲ.

ಊರಿಂದ ಮರಳಿದ ಮೇಲೆ ಅದೇ ಪತ್ರಿಕೆಗೆ ತಿದ್ದುಪಡಿಯೊಂದನ್ನು ಬರೆದೆ. ಮಾದಲಿಯನ್ನು ಕಲಿಸಿದವರು ಮಿಶ್ರಿಕೋಟಿಯ ಆಯಿಯೆಂದೂ, ಅವರಿಗೆ ಕಲಿಸಿದವರು ನವಲಗುಂದದ ಕಡೆಯ ಅವರ ಅತ್ತೆಯೆಂದೂ, ಅಕ್ಕಿ ಆಯಿಯದೆಂದೂ, ಸಕ್ಕರೆ ಮತ್ತು ಅಂಗಡಿಯ ಹಿಟ್ಟು ಕೇವಲ ನನ್ನವೆಂದೂ, ಶುಂಠಿಯನ್ನು ಬಿಟ್ಟದ್ದು ನನ್ನ ತಪ್ಪೆಂದೂ ಅದರಲ್ಲಿತ್ತು. ಸಂಪಾದಕರು ದೊಡ್ಡ ಮನಸ್ಸು ಮಾಡಿ ಒಂದು ಮೂಲೆಯಲ್ಲಿ ಅದನ್ನು ಪ್ರಕಟಿಸಿದರು. ಮೊಮ್ಮಗಳು ಓದಿ ಹೇಳಿದಳಂತೆ. ಆಮೇಲೆ ಆಯಿ ಫೋನಿನಲ್ಲಿ ನನ್ನನ್ನು ಕೇಳಿದರು: “ಅಕ್ಕಿ ಎಷ್ಟಂತ ಬರದಿ?” “ಒಂದು ಹಿಡಿ ಅಂತ ಬರದೀನಿ ಆಯಿ” ಎಂದೆ. “ನಿನ್ನ ಹಿಡಿನೋ, ನನ್ನ ಹಿಡಿನೋ?” ಎಂದರು.

ಮುಂದಿನ ಸಲ ಹೋದಾಗ ಆಯಿಯ ಹಿಡಿಯ ಅಕ್ಕಿಯನ್ನು ತೂಗಿಕೊಂಡು ಬರಬೇಕೆಂದಿದ್ದೇನೆ.

(ಬಾನುಲಿ ಭಾಷಣ)